ಬಾಬಿನ್‌ಗೆ ಹೇಳಿದ ಮಾತು

ಅಕ್ಕ ತಂಗಿ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಹಾಗೆಂದು ಆ ಹೊಲಿಗೆ ಅಂಗಡಿ ತಣ್ಣಗಿತ್ತು ಎಂದುಕೊಳ್ಳಬೇಡಿ. ಬಾಯಿ ಮುಚ್ಚಿಕೊಂಡಿರುವುದು ಆ ಇಬ್ಬರ ಹಣೆಯಲ್ಲೇ ಬರೆದಿರಲಿಲ್ಲ. ಹೇಳಬೇಕಾದದ್ದನ್ನೂ ಹೇಳಬಾರದ್ದನ್ನೂ ಇಬ್ಬರೂ ನಾಯಿಗೆ ಹೇಳುತ್ತಿದ್ದರು.

"ಬಾಬಿನ್, ನಿಮ್ಮ ದೊಡ್ಡಮ್ಮನಿಗೆ ಹೇಳು, ಎರಡು ತೋಳೂ ಎಡಗೈಯದೇ ಕತ್ತರಿಸಿ ಕೊಟ್ಟಿದಾಳೆ. ಗಿರಾಕಿಗೆ ಬಲಗೈ ಇಲ್ಲ ಅಂತ ಅಂದ್ಕೊಂಡಿದಾಳಾ ಕೇಳು," ಎಂದು ತಂಗಿ ಮಿಷನ್ನಿನ ಮುಂದಿನಿಂದ ಕೂಗುವಳು.

"ಬಾಬಿನ್, ನಿಮ್ಮ ಚಿಕ್ಕಮ್ಮನಿಗೆ ಹೇಳು, ಬಟ್ಟೆ ಮಗುಚಿ ನೋಡೋಷ್ಟು ಬುದ್ಧಿ ಇದ್ರೆ ಅದು ಬಲಗೈಯದೇ ಅಂತ ಗೊತ್ತಾಗುತ್ತೆ," ಎಂದು ಅಕ್ಕ ಕತ್ತರಿಸುವ ಮೇಜಿನ ಹಿಂದಿನಿಂದ ಅದೇ ದನಿಯಲ್ಲಿ ತಿರುಗಿಸಿ ಕೊಡುವಳು.

ಎರಡು ಮಾತಿನ ನಡುವೆ ಐದು ವರ್ಷದ ಕಂದು ನಾಯಿ, ಒಮ್ಮೆ ಆಚೆ ಒಮ್ಮೆ ಈಚೆ ನೋಡುತ್ತ, ಕಿವಿ ಹಿಂದಕ್ಕೆ ಮಡಚಿ ಕುಳಿತಿರುತ್ತಿತ್ತು. ಅದಕ್ಕೆ ಒಬ್ಬಳು ದೊಡ್ಡಮ್ಮ, ಒಬ್ಬಳು ಚಿಕ್ಕಮ್ಮ. ಅಮ್ಮ ಅಂತ ಮಾತ್ರ ಯಾರೂ ಇರಲಿಲ್ಲ. ಗಿರಾಕಿಗಳಿಗೆ ಇದೊಂದು ತಮಾಷೆ. ಒಂದು ಗುಂಡಿ ಹಾಕಿಸುವ ನೆಪದಲ್ಲಿ ಬಂದು ಬೆಂಚಿನ ಮೇಲೆ ಕೂತು ಜಗಳ ನೋಡಿಕೊಂಡು ಹೋಗುವವರೂ ಇದ್ದರು. ಇನ್ನೊಬ್ಬರ ಮನೆಯ ಬೆಂಕಿಯಲ್ಲಿ ಕೈ ಕಾಯಿಸಿಕೊಳ್ಳುವವರಿಗೆ ಯಾವ ಬೀದಿಯಲ್ಲೂ ಬರವಿಲ್ಲ.

ಜಗಳಕ್ಕೆ ಮೂಲ ಒಂದು ಮದುವೆಯ ಉಡುಪು. ಆ ಅಂಗಡಿಯಲ್ಲಿ ಕತ್ತರಿ ಹಿಡಿಯುವುದು ಅಕ್ಕ; ಬಟ್ಟೆ ಮಡಿಸಿಕೊಡುವುದು, ಹೊಲಿಯುವುದು ತಂಗಿ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಉಡುಪು ಮುಗಿದ ದಿನ ಹೆಣ್ಣು ತೊಟ್ಟು ನೋಡಿದರೆ ಒಂದು ಪಕ್ಕ ಗೇಣುದ್ದ ಮೇಲಕ್ಕೆ ನಿಂತಿತ್ತು; ಬಟ್ಟೆ ಕತ್ತರಿಸಿದ್ದೇ ಗಿಡ್ಡವಾಗಿತ್ತು. ಹೆಣ್ಣಿನ ತಾಯಿ ಅಂಗಡಿ ತುಂಬ ಜನರ ಮುಂದೆ ಮೈಮೇಲೆ ಬಂದವಳಂತೆ ಕೂಗಾಡಿದಳು. ಆಗ ಅಕ್ಕ ಅಳತೆಯ ಟೇಪು ಬೆರಳಿಗೆ ಸುತ್ತಿಕೊಳ್ಳುತ್ತ, "ಅದು ತಂಗಿ ಮಾಡಿದ್ದು," ಎಂದಳು. ಅಷ್ಟೇ ಅಂದಳು. ಆ ತಾಯಿ ತಂಗಿಯನ್ನು ಅನ್ನಬಾರದ್ದೆಲ್ಲ ಅಂದಳು, ಕೈಯೇ ಇಲ್ಲದವಳು ಎಂದಳು. ಅಕ್ಕ ಈಗ ಬಾಯಿ ಬಿಡುತ್ತಾಳೆ, ಇನ್ನೊಂದು ಕ್ಷಣಕ್ಕೆ ಬಿಡುತ್ತಾಳೆ ಎಂದು ತಂಗಿ ಕಾದಳು. ಅಕ್ಕ ಬಿಡಲಿಲ್ಲ. ಅವತ್ತಿನಿಂದ ತಂಗಿಯೂ ಅವಳ ಜೊತೆ ಬಾಯಿ ಬಿಡಲಿಲ್ಲ. ಮರುದಿನ ದಾರ ಬೇಕಾದಾಗ ನಾಯಿಗೆ ಹೇಳಿದಳು.

ಹೀಗಿರುವಾಗ ನಾಯಿ ಮನೆ ಮಾಲೀಕನನ್ನು ಕಚ್ಚಿತು. ಅವನು ಮಹಡಿಯ ಮೇಲೆ ಇರುವವನು. ಮನೆ ಅಂಗಡಿ ಎರಡೂ ಅವನದೇ. ಕೆಟ್ಟವನಲ್ಲ, ಆದರೆ ತಾನು ಒಳ್ಳೆಯವನು ಎಂದು ಎಲ್ಲರಿಗೂ ಗೊತ್ತಾಗಬೇಕೆಂಬ ಹಟದವನು. ಒಂದು ಬೆಳಿಗ್ಗೆ ಬಾಗಿಲಲ್ಲಿ ಬಗ್ಗಿ, "ಏನೇ ಬಾಬಿನ್, ಬಾಬಿನ್, ಬಾಬಿನ್," ಎಂದು ರಾಗವಾಗಿ ಕರೆಯುತ್ತ ಅದರ ತಲೆಯ ಮೇಲೆ ಕೈ ಇಟ್ಟ. ಮಣಿಕಟ್ಟಿಗೆ ಹಲ್ಲು ಇಳಿಯಿತು. ಡಾಕ್ಟರು ಹಾಕಿದ ಹೊಲಿಗೆ ನೋಡಿ ಅಕ್ಕ, "ಇಷ್ಟು ಒರಟಾಗಿ ನಾವು ಗೋಣಿಚೀಲಕ್ಕೂ ಹಾಕಲ್ಲ," ಎಂದಳು. ಅವನಿಗೆ ಕಡಿತಕ್ಕಿಂತ ಈ ಮಾತು ಹೆಚ್ಚು ಉರಿಯಿತು.

"ಒಂದು ತಿಂಗಳು ಟೈಮು ಕೊಡ್ತೀನಿ," ಎಂದ. "ಆಮೇಲೆ ನಾನೇ ಬಂದು ಮುಟ್ಟಿ ನೋಡ್ತೀನಿ. ಹಲ್ಲು ತಾಗಿದ್ರೆ ಮುನಿಸಿಪಾಲಿಟಿ ವ್ಯಾನು ಕರೆಸ್ತೀನಿ. ಆ ವ್ಯಾನಲ್ಲಿ ಹೋದ ನಾಯಿ ತಿರುಗಿ ಬಂದಿದ್ದನ್ನ ನೀವು ನೋಡಿದೀರಾ? ನಾನಂತೂ ನೋಡಿಲ್ಲ."

ತಂಗಿಯೂ ನೋಡಿರಲಿಲ್ಲ. ಅಕ್ಕನಿಗೆ ಅಂಗಡಿಯಿತ್ತು, ಗಿರಾಕಿಗಳಿದ್ದರು, ಬೀದಿಯ ಅರ್ಧ ಜನ ಅವಳಿಗೆ ಗೆಳತಿಯರೇ. ತಂಗಿಗೆ ಇದ್ದದ್ದು ಮಿಷನ್ನಿನ ಪೆಡಲಿನ ಪಕ್ಕ ತನ್ನ ಕಾಲಿನ ಮೇಲೆ ಗದ್ದವಿಟ್ಟು ಮಲಗುವ ಈ ಪ್ರಾಣಿಯೊಂದೇ. ಬಟ್ಟೆ ಚೂರಿನ ಬುಟ್ಟಿಯಲ್ಲಿ ಸಿಕ್ಕ ಮರಿಯನ್ನು ಅಂಗೈಯಲ್ಲಿ ಇಟ್ಟುಕೊಂಡು, ದಾರ ಸುತ್ತುವ ಬಾಬಿನ್ನಿನ ಹಾಗೆ ಉರುಳುತ್ತದೆ ಎಂದು ಹೆಸರಿಟ್ಟವಳೂ ಅವಳೇ. ಅದು ಹೋದರೆ ಆ ಮನೆಯಲ್ಲಿ ಅಕ್ಕನ ಜೊತೆ ಅವಳೊಬ್ಬಳೇ ಉಳಿಯುತ್ತಿದ್ದಳು.

ಒಬ್ಬ ಗಿರಾಕಿ ಹೇಳಿದ ಮೇಲೆ ನಾಯಿಗಳಿಗೆ ತರಬೇತಿ ಕೊಡುವ ಹೆಂಗಸನ್ನು ಕರೆಸಿದರು. ಅವಳನ್ನು ಎಲ್ಲರೂ 'ನಾಯಿ ಮೇಡಂ' ಎನ್ನುತ್ತಿದ್ದರು. ದಪ್ಪ ಕೋಟು, ಕೋಟಿನ ಜೇಬಿನಿಂದ ಬೇಯಿಸಿದ ಮಾಂಸದ ವಾಸನೆ, ಮುಖದಲ್ಲಿ ಜಗತ್ತಿನ ಮೇಲೆಲ್ಲ ಅಸಮಾಧಾನ. ಬಂದವಳೇ ಬೆಂಚಿನ ಮೇಲೆ ಕೂತು, "ನಾನು ಇಲ್ಲಿಲ್ಲ ಅಂದ್ಕೊಳ್ಳಿ. ನಿಮ್ಮ ಕೆಲಸ ನೀವು ಮಾಡಿ," ಎಂದಳು.

ಸ್ವಲ್ಪ ಹೊತ್ತು ಅಕ್ಕ ತಂಗಿ ಹೊಸ ಸೊಸೆಯರಂತೆ ಮರ್ಯಾದೆಯಿಂದ ಇದ್ದರು. ಬೀದಿಯಲ್ಲಿ ಇಬ್ಬರು ಡ್ರೈವರುಗಳು ಗಾಡಿ ತಾಗಿಸಿಕೊಂಡು ಕಿತ್ತಾಡಿದರು; ನಾಯಿ ಕಣ್ಣು ತೆರೆಯಲಿಲ್ಲ. ಗುಂಡಿಯ ಡಬ್ಬಿ ಕೆಳಗೆ ಬಿದ್ದು ಅಂಗಡಿಯೆಲ್ಲ ಗಲಗಲ ಎಂದಿತು. ನಾಯಿ ಒಂದು ಕಿವಿ ಎತ್ತಿ ಇಳಿಸಿತು. ಅಷ್ಟರಲ್ಲಿ ಒಂದು ಜಿಪ್ಪಿನ ವಿಚಾರಕ್ಕೆ ಅಕ್ಕನಿಗೆ ಸಿಟ್ಟು ಬಂತು.

"ಬಾಬಿನ್, ನಿಮ್ಮ ಚಿಕ್ಕಮ್ಮನಿಗೆ ಹೇಳು—"

ನಾಯಿಗೆ ಎಚ್ಚರವಾಯಿತು. ತುಟಿ ನೆಕ್ಕಿಕೊಂಡಿತು, ಮುಖ ಪಕ್ಕಕ್ಕೆ ತಿರುಗಿಸಿತು, ಕಣ್ಣಿನ ಬಿಳಿ ಅರ್ಧಚಂದ್ರದ ಹಾಗೆ ಕಂಡಿತು. ತಂಗಿ ಮಿಷನ್ ನಿಲ್ಲಿಸಿ, "ಬಾಬಿನ್, ನಿಮ್ಮ ದೊಡ್ಡಮ್ಮನಿಗೆ ಹೇಳು," ಎಂದು ಶುರುಮಾಡಿದಾಗ ಅದು ಮೈಯನ್ನೆಲ್ಲ ಬಿಗಿಹಿಡಿದು ನೆಲಕ್ಕೆ ಅಂಟಿಕೊಂಡಿತು.

"ಸಾಕು," ಎಂದು ನಾಯಿ ಮೇಡಂ ಎದ್ದಳು. "ನಾಯಿಗೆ ಏನೂ ಆಗಿಲ್ಲ. ಹಾಳಾಗಿರೋದು ಅದರ ಹೆಸರು."

"ಹೆಸರು ಹಾಳಾಗೋಕೆ ಅದೇನು ಹಾಲಾ?" ಎಂದಳು ಅಕ್ಕ.

"ಹಾಲಿಗಿಂತ ಬೇಗ ಹಾಳಾಗುತ್ತೆ. ಹೆಸರು ಅಂದ್ರೆ ನಾಯಿಗೆ ಏನು? ಇಲ್ಲಿ ನೋಡು, ನಿನಗೆ ಏನೋ ಒಳ್ಳೇದಿದೆ ಅಂತ. ನಿಮ್ಮ ಮನೇಲಿ ಅದರ ಹೆಸರು ಕಿವಿಗೆ ಬಿತ್ತು ಅಂದ್ರೆ ಜಗಳ ಶುರು ಅಂತ ಅರ್ಥ. ದಿನವಿಡೀ ಹೆಸರು ಹಿಡಿದು ಬೈತೀರ. ಏನು ಮಾಡಬೇಕು ಅಂತ ಹೇಳಲ್ಲ, ಯಾಕೆ ಸಿಟ್ಟು ಅಂತ ಅದಕ್ಕೆ ಗೊತ್ತಾಗಲ್ಲ. ಆ ಮನುಷ್ಯ ಬಂದು ಅದೇ ಹೆಸರು ಮೂರು ಸಲ ಕರೆದು ತಲೆ ಮೇಲೆ ಕೈ ತಂದ. ಇನ್ನೇನು, ಏಟು ಬೀಳುತ್ತೆ ಅಂದ್ಕೊಂಡಿತು. ನೀವು ಜಗಳ ಆಡೋಕೆ ಇಟ್ಕೊಂಡಿರೋ ಟೆಲಿಫೋನು ಕಚ್ಚಿದೆ, ಅಷ್ಟೇ."

ಅಕ್ಕ ತಂಗಿ ಮೂರು ವರ್ಷದಲ್ಲಿ ಮೊದಲ ಸಲ ಒಂದೇ ಕಡೆ ನಿಂತರು. ಇಬ್ಬರಿಗೂ ಆ ಹೆಂಗಸಿನ ಮೇಲೆ ಒಟ್ಟಿಗೇ ಸಿಟ್ಟು ಬಂದಿತ್ತು. ಆದರೆ ವ್ಯಾನಿನ ನೆನಪಾಗಿ ತಂಗಿ ಹಲ್ಲು ಕಚ್ಚಿಕೊಂಡು, "ಈಗೇನು ಮಾಡೋದು?" ಎಂದು ಕೇಳಿದಳು.

"ಆ ಹೆಸರು ಬಿಸಾಕಿ. ಹೊಸದು ಇಡಿ. ಹೊಸ ಹೆಸರು ಬಾಯಿಗೆ ಬಂದಾಗೆಲ್ಲ ಕೈಲಿ ತಿನ್ನೋದಿರಬೇಕು, ದನಿ ಮೆತ್ತಗಿರಬೇಕು. ಒಂದೇ ಸಲ ಕರೀಬೇಕು. ತಿರುಗಿ ನೋಡಿದ ಕೂಡಲೇ ಕೊಡಬೇಕು. ಮುಟ್ಟೋದಾದ್ರೆ ಮೊದಲು ಎದೆ ಕೆಳಗಿಂದ, ತಲೆ ಮೇಲಿಂದ ಅಲ್ಲ. ತುಟಿ ಎತ್ತಿದ್ರೆ, ಕಣ್ಣಿನ ಬಿಳಿ ಕಂಡ್ರೆ ಕೈ ಹಿಂದಕ್ಕೆ. ಮತ್ತೆ ನೀವಿಬ್ಬರೂ ಏನಾದ್ರೂ ಹೇಳೋದಿದ್ರೆ ಒಬ್ಬರ ಮುಖ ಒಬ್ಬರು ನೋಡಿ ಹೇಳಿ. ಜಗಳ ಆಡಬೇಡಿ ಅನ್ನಲ್ಲ, ನಿಮ್ಮ ಕರ್ಮ. ನಾಯಿ ಮುಂದೆ ಆಡಿ, ನಾಯಿ ಮೂಲಕ ಬೇಡ."

ಹೊಸ ಹೆಸರಿಗೂ ರಂಪವಾಯಿತು. ಅಕ್ಕ 'ರಾಣಿ' ಎಂದಳು. ಹೆಸರು ತಂಗಿಗೂ ಇಷ್ಟವೇ, ಆದರೆ ಅಕ್ಕ ಹೇಳಿದ್ದಾಳಲ್ಲ, ಹಾಗಾಗಿ ಬೇಡ ಎಂದಳು. ಕೊನೆಗೆ ನಾಯಿ ಮೇಡಂ ರೇಗಿ, "ಚೆಂಡು. ಮುಗೀತು," ಎಂದು ಕೋಟು ಸರಿಮಾಡಿಕೊಂಡು ಹೊರಟಳು.

ಆ ತಿಂಗಳು ಅಂಗಡಿಯಲ್ಲಿ ಉಸಿರು ಕಟ್ಟುವ ಹಾಗಿತ್ತು. ನಾಯಿಗೆ ಹೇಳುವಂತಿಲ್ಲ, ನೇರವಾಗಿ ಹೇಳಲು ನಾಲಿಗೆ ಏಳುವುದಿಲ್ಲ. ಅಕ್ಕ ಮೊದಲು ಇಸ್ತ್ರಿ ಪೆಟ್ಟಿಗೆಗೆ ಹೇಳತೊಡಗಿದಳು: "ಇಸ್ತ್ರಿ ಪೆಟ್ಟಿಗೆಯೇ, ಈ ಅಂಚು ಸೊಟ್ಟಗಿದೆ ಅಂತ ಕೆಲವರಿಗೆ ಕಾಣಲ್ಲ ನೋಡು." ತಂಗಿ ಗೋಡೆಗೆ ಹೇಳತೊಡಗಿದಳು. ವಾರಕ್ಕೊಮ್ಮೆ ಬರುವ ನಾಯಿ ಮೇಡಂ ಇದನ್ನು ಕೇಳಿ, "ಇಸ್ತ್ರಿ ಪೆಟ್ಟಿಗೆ ಸುಡುತ್ತೆ, ಕಚ್ಚಲ್ಲ. ಪರವಾಗಿಲ್ಲ," ಎಂದಳು.

ಕಲಿಸುವ ಕೆಲಸವೆಲ್ಲ ತಂಗಿಯದು. ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಲ್ಲಿ, "ಚೆಂಡು," ಎಂದು ಮೆಲ್ಲಗೆ ಕರೆಯುವಳು. ನಾಯಿ ಕಣ್ಣೆತ್ತಿದರೆ ಒಂದು ಚೂರು ಮಾಂಸ ಕೊಡುವಳು. ಮೊದಲ ವಾರ ಅದು ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಸುತ್ತ ನೋಡುತ್ತಿತ್ತು. ಆಮೇಲೆ ಕುತ್ತಿಗೆ ತಿರುಗಿಸುವಷ್ಟಾಯಿತು, ಆಮೇಲೆ ಎದ್ದು ಬರುವಷ್ಟಾಯಿತು. ಒಂದು ದಿನ ಅಂಗಡಿಯ ಆ ಮೂಲೆಯಿಂದ ಬಾಲ ಅಲ್ಲಾಡಿಸುತ್ತ ಓಡಿಬಂದಾಗ ತಂಗಿ ಯಾರೂ ನೋಡದಂತೆ ಮುಖ ಒರೆಸಿಕೊಂಡಳು.

ಅಕ್ಕ ಮಾಡಿದ್ದು ಒಂದೇ ಕೆಲಸ. ಹಳೆಯ ಕತ್ತರಿಯೊಂದನ್ನು ತೊಳೆದಿಟ್ಟುಕೊಂಡು, ಬೇಯಿಸಿದ ಮಾಂಸವನ್ನು ಒಂದೇ ಅಳತೆಯ ಚೂರುಗಳಾಗಿ ಕತ್ತರಿಸಿ ತಟ್ಟೆಯಲ್ಲಿಡುತ್ತಿದ್ದಳು. ಕರೆಯಲು ಹೇಳಿದರೆ ಅವಳ ದನಿ ಮೆತ್ತಗಾಗುವುದೇ ಇಲ್ಲ. "ಚೆಂಡು" ಎಂದರೂ ಬಾಕಿ ಕೇಳಲು ಬಂದವಳ ಹಾಗೆ ಕೇಳುತ್ತಿತ್ತು. ನಾಯಿ ಮೇಡಂ ಅವಳನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿ ಒಬ್ಬಳಿಂದಲೇ ಅಭ್ಯಾಸ ಮಾಡಿಸಿದಾಗ ತಂಗಿಗೆ ನಗು ತಡೆಯಲಿಲ್ಲ. ಅಕ್ಕ ಕೆಂಡವಾದಳು. ಆದರೂ ಮರುದಿನ ತಟ್ಟೆಯಲ್ಲಿ ಚೂರುಗಳು ಇದ್ದವು.

ತಿಂಗಳು ತುಂಬಿದ ದಿನ ಮಾಲೀಕ ಬಂದ. ಪೂರ್ತಿ ತೋಳಿನ ಕೋಟು ತೊಟ್ಟು, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಯುದ್ಧಕ್ಕೆ ಬಂದವನಂತೆ ಬಾಗಿಲಲ್ಲಿ ನಿಂತ. ತಂಗಿ ಅವನಿಗೆ ಎಲ್ಲ ಹೇಳಿಕೊಟ್ಟಳು: ಹೊಸ ಹೆಸರು, ಒಂದೇ ಸಲ, ಎದೆಯ ಕೆಳಗಿಂದ.

"ಚೆಂಡು," ಎಂದ ಮಾಲೀಕ, ನಾಚಿಕೊಂಡು.

ನಾಯಿ ಎದ್ದಿತು. ಮೂಸಿತು. ಅವನ ಕೈಯಿಂದ ಚೂರು ತೆಗೆದುಕೊಂಡು ತಿಂದಿತು. ಅವನು ಮೊಣಕಾಲೂರಿ ಕೂತು ಎದೆ ಸವರಿದ, ಬಾಲ ಅಲ್ಲಾಡಿತು. ಅವನಿಗೆ ಧೈರ್ಯ ಬಂತು, ಸುತ್ತಿದ್ದ ಬಟ್ಟೆ ಬಿಚ್ಚಿ ಬರಿಗೈಯನ್ನು ಕುತ್ತಿಗೆಯ ಮೇಲೆ ಇಟ್ಟ. "ಪರವಾಗಿಲ್ವೇ! ಯಾರಮ್ಮಾ ಕಲಿಸಿದ್ದು?"

ಅಕ್ಕ ಕತ್ತರಿ ಹಿಡಿದುಕೊಂಡೇ ಮೇಜಿನಾಚೆಯಿಂದ ಬಂದಳು. "ಇನ್ಯಾರು, ನಾನೇ. ಇವಳ ಕೈಗೆ ಬಿಟ್ಟಿದ್ರೆ ಆಗ್ತಾ ಇತ್ತಾ? ಇವಳು ಮೊದಲಿಂದ ಹೀಗೇ. ಆ ಮದುವೆ ಉಡುಪು ಏನು ಮಾಡಿದಳು, ನಿಮಗೂ ಗೊತ್ತಲ್ಲ."

ತಂಗಿಯ ಮೈಯೆಲ್ಲ ಉರಿದುಹೋಯಿತು. ತಿಂಗಳಿಡೀ ಬಗ್ಗಿ ಬಗ್ಗಿ ಸೊಂಟ ನೋಯಿಸಿಕೊಂಡವಳು ತಾನು, ಈಗ ಮಾಲೀಕನ ಮುಂದೆ ಮತ್ತೆ ಅದೇ ಉಡುಪು, ಅದೇ ಸುಳ್ಳು. ತಾನು ಎಲ್ಲಿದ್ದೇನೆ, ಯಾರ ಕೈ ಎಲ್ಲಿದೆ, ಒಂದೂ ಅವಳಿಗೆ ನೆನಪಾಗಲಿಲ್ಲ. ಮೂರು ವರ್ಷ ಓಡಾಡಿದ ದಾರಿಯಲ್ಲೇ ನಾಲಿಗೆ ಓಡಿತು.

"ಬಾಬಿನ್! ನಿಮ್ಮ ದೊಡ್ಡಮ್ಮನಿಗೆ ಹೇಳು, ಬಾಯಿ ಮುಚ್ಚಿಕೊಂಡಿರು ಅಂತ!"

ಮಾಲೀಕ ಬೆಚ್ಚಿ ತಂಗಿಯ ಕಡೆ ಕತ್ತು ತಿರುಗಿಸಿದ. ಅವನ ಕೈ ನಾಯಿಯ ಕುತ್ತಿಗೆಯ ಮೇಲೆಯೇ ಇತ್ತು. ನಾಯಿಯ ಬೆನ್ನು ಬಿಗಿಯಿತು. ಮೇಲಿನ ತುಟಿ ಎದ್ದಿತು, ಕಣ್ಣಿನ ಬಿಳಿ ಕಂಡಿತು. ತಂಗಿ ಅದನ್ನು ನೋಡಿದಳು. ನೋಡಿಯೂ ಕಾಲು ಕಿತ್ತು ಇಡಲಾಗದೆ ಹಾಗೇ ನಿಂತಳು.

ಅಕ್ಕ ನಿಲ್ಲಲಿಲ್ಲ. ಮಾಲೀಕನನ್ನು ಭುಜದಿಂದ ನೂಕಿ, ಅವನ ಕೈ ಇದ್ದಲ್ಲಿ ತನ್ನ ಕೈ ತೂರಿಸಿದಳು. ಕತ್ತರಿ ನೆಲಕ್ಕೆ ಬಿದ್ದು ಠಣ್ ಎಂದಿತು. ಮಾಂಸದ ತಟ್ಟೆ ಉರುಳಿತು. ನಾಯಿ ಮೇಜಿನ ಕೆಳಗೆ ನುಗ್ಗಿತು. ಮಾಲೀಕ ಕನ್ನಡಕ ಸರಿಮಾಡಿಕೊಂಡು ಎದ್ದಾಗ ಅಕ್ಕ ಬಲಗೈಯನ್ನು ಒಂದು ಬಟ್ಟೆಯ ತುಂಡಿನಲ್ಲಿ ಒತ್ತಿಹಿಡಿದಿದ್ದಳು, ಬಟ್ಟೆ ಕೆಂಪಾಗುತ್ತಿತ್ತು.

"ಏನಮ್ಮಾ ಇದು? ಕಚ್ಚಿತಾ?"

"ಕಚ್ಚೋದಾ? ಕತ್ತರಿ ಜಾರಿ ತಾಗಿತು," ಎಂದಳು ಅಕ್ಕ. "ನಂದೇ ತಪ್ಪು. ಕೈಲಿ ಕತ್ತರಿ ಇಟ್ಕೊಂಡು ಓಡಾಡಬಾರದಿತ್ತು."

ಮಾಲೀಕ ತನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ಒಂದು ಗೀರೂ ಇರಲಿಲ್ಲ. "ಸರಿ, ಇರಲಿ ಬಿಡಿ ನಾಯಿ. ನಾನೇನು ಕಟುಕನಾ?" ಎಂದು, ತನ್ನ ಒಳ್ಳೆಯತನವನ್ನು ತಾನೇ ಮೆಚ್ಚಿಕೊಂಡು ಮಹಡಿ ಹತ್ತಿದ.

ಅಂಗಡಿಯಲ್ಲಿ ಮೂವರು ಉಳಿದರು. ನಾಯಿ ಉಳಿಯಿತು ಎಂಬ ಸಮಾಧಾನವನ್ನೂ ತಂಗಿ ಪಡುವ ಹಾಗಿರಲಿಲ್ಲ. ಆ ಹೆಸರು ಅಕ್ಕನ ಬಾಯಿಂದ ಬಿದ್ದಿದ್ದರೆ ಜನ್ಮವಿಡೀ ಆಡಿಕೊಳ್ಳಬಹುದಿತ್ತು. ಬಿದ್ದದ್ದು ತನ್ನ ಬಾಯಿಂದ. ಹರಿದದ್ದು ಅಕ್ಕನ ಕೈ, ಅದೂ ಕತ್ತರಿ ಹಿಡಿಯುವ ಕೈ. ತಪ್ಪಾಯಿತು ಎಂದು ಹೇಳಬೇಕು. ಹೇಳಲು ಅವಳು ಅಭ್ಯಾಸಬಲದಿಂದ ಮೇಜಿನ ಕೆಳಗೆ ನೋಡಿದಳು. ಅಲ್ಲಿಂದ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು. ಕಷ್ಟಪಟ್ಟು ಕಣ್ಣನ್ನು ಅಲ್ಲಿಂದ ಎತ್ತಿ ಅಕ್ಕನ ಮುಖಕ್ಕೆ ತಂದಳು.

"ನಾನು ಕರೆದಿದ್ದಕ್ಕೆ ಕಚ್ಚಿತು. ನನ್ನ ತಪ್ಪು, ಅಕ್ಕ."

"ಗೊತ್ತು," ಎಂದಳು ಅಕ್ಕ. "ನಿಂತು ನೋಡ್ತಾ ಇದೀಯಲ್ಲ, ಕಟ್ಟೋಕೇನಾದ್ರೂ ತಾ."

ತಂಗಿ ಕೈ ತೊಳೆಸಿ, ಬಿಳಿ ಬಟ್ಟೆಯನ್ನು ಉದ್ದಕ್ಕೆ ಹರಿದು ಸುತ್ತತೊಡಗಿದಳು. ಇಬ್ಬರೂ ಇಷ್ಟು ಹತ್ತಿರ ನಿಂತು ವರ್ಷಗಳಾಗಿದ್ದವು. ಅಕ್ಕನ ಕಿವಿಯ ಹತ್ತಿರ ಕೂದಲು ಪೂರ್ತಿ ಬೆಳ್ಳಗಾಗಿದ್ದು ಅವಳಿಗೆ ಈಗ ಕಂಡಿತು. ಮಾಡದ ತಪ್ಪನ್ನು ಇವಳು ಎಷ್ಟು ಸಲೀಸಾಗಿ ತಲೆಯ ಮೇಲೆ ಹಾಕಿಕೊಂಡಳಲ್ಲ ಎಂದು ಮೊದಲು ಕಣ್ಣು ತುಂಬಿತು. ಆಮೇಲೆ ಅದೇ ಯೋಚನೆಗೆ ಸಿಟ್ಟು ನೆತ್ತಿಗೇರಿತು.

"ಮಾಡದೆ ಇರೋ ತಪ್ಪು ಒಪ್ಕೊಳ್ಳೋಕೆ ಅಷ್ಟು ಸುಲಭವಾಗಿ ಬಾಯಿ ಬರುತ್ತೆ ನಿನಗೆ. ಮಾಡಿದ್ದನ್ನ ಯಾವಾಗ ಒಪ್ಕೊಳ್ತೀಯ?"

"ಯಾವುದನ್ನ?"

"ಯಾವುದನ್ನ ಅಂತೆ! ಆ ಉಡುಪು. ಕತ್ತರಿಸಿದ್ದು ನೀನು."

ಅಕ್ಕ ಅವಳನ್ನು ಪಿಳಿಪಿಳಿ ನೋಡಿದಳು. ನಾಟಕವಾಡುವವಳ ನೋಟವಲ್ಲ ಅದು. "ಕತ್ತರಿಸಿದ್ದು ನಾನೇ. ಬಟ್ಟೆ ಮಡಿಸಿ ಇಟ್ಟವಳು ಯಾರು? ನೀನು. ಜಾರೋ ಬಟ್ಟೆ, ನಾಕು ಕಡೆ ಪಿನ್ನು ಹಾಕಬೇಕು ಅಂತ ನೂರು ಸಲ ಹೇಳಿದ್ದೆ. ನೀನು ಎರಡೇ ಹಾಕಿದ್ದೆ. ಒಳಗಿನ ಪದರ ಜಾರಿತ್ತು, ನಾನು ಮೇಲಿನದು ನೋಡಿ ಕತ್ತರಿ ಹಾಕಿದೆ. ಅದಕ್ಕೇ ನೀನು ಮಾಡಿದ್ದು ಅಂದೆ. ಸುಳ್ಳಾ ಅದು?"

ತಂಗಿಯ ಕೈ ನಿಂತಿತು. ಮೂರು ವರ್ಷದಲ್ಲಿ ಈ ಮಾತು ಅವಳ ಕಿವಿಗೆ ಒಮ್ಮೆಯೂ ಬಿದ್ದಿರಲಿಲ್ಲ. ನಾಯಿಯ ಕೈಲಿ ಬೈಗುಳ ಕಳಿಸಬಹುದು, ಪಿನ್ನಿನ ಲೆಕ್ಕ ಕಳಿಸಲು ಆಗುವುದಿಲ್ಲ. ಅವತ್ತು ಎಷ್ಟು ಪಿನ್ನು ಹಾಕಿದ್ದೆ ಎಂದು ನೆನೆಸಿಕೊಳ್ಳಲು ನೋಡಿದಳು. ಗಿರಾಕಿಗಳು ತುಂಬಿದ್ದರು, ಅವಸರವಿತ್ತು, ನೆನಪಾಗಲಿಲ್ಲ. ನೆನಪಾಗದ್ದು ಅವಳನ್ನು ಇನ್ನಷ್ಟು ರೇಗಿಸಿತು.

"ಒಳಗಿನ ಪದರ ತೆಗೆದು ನೋಡದೆ ಕತ್ತರಿ ಹಾಕ್ತಾರಾ ಯಾರಾದ್ರೂ? ಅದೇನು ಸಾವಿರ ಬಟ್ಟೆ ಕತ್ತರಿಸಿದ ಕೈಯೋ!"

"ನೀನು ಸರಿಯಾಗಿ ಮಡಿಸಿರ್ತೀಯ ಅಂತ ನಂಬಿದ್ದೆ!"

"ಹಾಗಂತ ಅಷ್ಟು ಜನರ ಮುಂದೆ ನನ್ನ ಬಿಟ್ಟುಕೊಡ್ತೀಯಾ? ಒಂದು ಮಾತು, ಇಬ್ಬರಿಂದಲೂ ಆಯ್ತು ಅಂತ ಒಂದು ಮಾತು ಹೇಳೋಕಾಗಲಿಲ್ಲ ನಿನಗೆ!"

"ಆಗಲಿಲ್ಲ! ಹೆದರಿಕೆ ಆಯ್ತು! ಆ ಹೆಂಗಸು ಎಲ್ಲಿ ಅಂಗಡಿಗೆ ಬೆಂಕಿ ಇಡ್ತಾಳೋ ಅಂತ ಹೆದರಿದ್ದೆ! ಮೆಲ್ಲಗೆ ಸುತ್ತು, ಕೈ ಬಿಗೀತಾ ಇದೆ!"

"ಬಿಗೀಲಿ! ರಕ್ತ ನಿಲ್ಲಬೇಡ್ವಾ? ಇದಾದ ಮೇಲೆ ಡಾಕ್ಟರ ಹತ್ರ ಹೋಗ್ಬೇಕು, ಸೂಜಿ ಹಾಕಿಸ್ಕೋಬೇಕು!"

"ನಾನು ಹೋಗಲ್ಲ!"

"ಎಳ್ಕೊಂಡು ಹೋಗ್ತೀನಿ!"

ಬಟ್ಟೆ ತೆಗೆದುಕೊಂಡು ಹೋಗಲು ಬಂದ ಗಿರಾಕಿಯೊಬ್ಬಳು ಬಾಗಿಲಲ್ಲೇ ನಿಂತು, ಬೆಂಚಿನ ಮೇಲೆ ಕೂರುವ ಧೈರ್ಯವಾಗದೆ ಹಿಂದಕ್ಕೆ ಹೋದಳು. ಆ ಬೀದಿ ಇಂಥ ಜಗಳವನ್ನು ಅವರಿಬ್ಬರ ನಡುವೆ ಕೇಳಿರಲಿಲ್ಲ. ಇಬ್ಬರೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಅರ್ಧ ಕಟ್ಟಿದ ಕೈಯನ್ನು ನಡುವೆ ಹಿಡಿದುಕೊಂಡು ಕೂಗುತ್ತಿದ್ದರು. ಮೂರು ವರ್ಷದ್ದೆಲ್ಲ ಹೊರಬಂತು, ಅದಕ್ಕೂ ಹಿಂದಿನದು ಬಂತು. ಒಂದಕ್ಕೂ ಇಬ್ಬರೂ ಸೋಲಲಿಲ್ಲ.

ಗಲಾಟೆ ಜೋರಾಗುತ್ತಿದ್ದಾಗಲೇ ನಾಯಿ ಮೇಜಿನ ಕೆಳಗಿಂದ ಮೂತಿ ಹೊರಗೆ ಹಾಕಿತು. ಸ್ವಲ್ಪ ಹೊತ್ತು ಆಲಿಸಿತು. ಚೆಲ್ಲಿದ್ದ ಮಾಂಸದ ಚೂರುಗಳನ್ನು ಒಂದೊಂದಾಗಿ ಹುಡುಕಿ ತಿಂದು, ಪೆಡಲಿನ ಪಕ್ಕ ಹೋಗಿ ಸುತ್ತಿಕೊಂಡು ಮಲಗಿತು. ಅವರು ಕೂಗುತ್ತಲೇ ಇದ್ದರು, ಅದು ನಿದ್ದೆಹೋಯಿತು. ಅದರ ಹೆಸರನ್ನು ಯಾರೂ ಎತ್ತಿರಲಿಲ್ಲ.